ಇರ್ಮಾಳ ಕಸದ ಕಾಡು

ನಮ್ಮ ಕ್ವಿಬೆಕ್ ಕಡೆ ಒಬ್ಬರ ಯೋಗ್ಯತೆ ತಿಳಿಯಬೇಕಾದರೆ ಅವರ ಮೇಪಲ್ ಕಾಡಿನಲ್ಲಿ ಒಂದು ಸುತ್ತು ಹಾಕಿಬಂದರೆ ಸಾಕು. ಕಾಡು ಗುಡಿಸಿ ಒರೆಸಿದಂತಿರಬೇಕು. ಮೇಪಲ್ ಬಿಟ್ಟರೆ ಬೇರೆ ಮರದ ಸುಳಿವಿರಬಾರದು, ನೆಲದ ಮೇಲೆ ಒಂದು ಒಣಕೊಂಬೆ ಬಿದ್ದಿರಬಾರದು, ಈ ತುದಿಯಲ್ಲಿ ನಿಂತವರಿಗೆ ಆ ತುದಿಯ ಬೇಲಿ ಕಾಣಬೇಕು. ಈ ಲೆಕ್ಕದಲ್ಲಿ ನೋಡಿದರೆ ನನ್ನ ಅತ್ತಿಗೆ ಇರ್ಮಾಳಷ್ಟು ನಾಲಾಯಕ್ಕು ಹೆಂಗಸು ನಮ್ಮ ಗುಡ್ಡಗಳಲ್ಲಿ ಇನ್ನೊಬ್ಬಳಿರಲಿಲ್ಲ.

ಅವಳ ಕಾಡಿನಲ್ಲೂ ಮೇಪಲ್ ಇತ್ತು, ಇಲ್ಲವೆಂದಲ್ಲ. ಆದರೆ ಅದರ ಮಧ್ಯೆ ಹಳದಿ ಸಿಪ್ಪೆ ಸುಲಿಯುವ ಬರ್ಚ್ ಮರಗಳು, ಬೀಚ್ ಮರಗಳು, ಬಡಗಣ ಇಳಿಜಾರಿನಲ್ಲಿ ಹಗಲಲ್ಲೂ ಕತ್ತಲೆ ಕವಿಸುವ ಹೆಮ್ಲಾಕ್ ಮರಗಳ ದಟ್ಟ ಗುಂಪು, ಸತ್ತು ನಿಂತ ಮರ, ಸತ್ತು ಬಿದ್ದ ಮರ, ಬಿದ್ದ ಮರದ ಮೇಲೆ ಹುಟ್ಟಿದ ಮರ. ಕಾಡಿನ ಬಾಯಲ್ಲೇ ಒಂದು ಬೋಳು ಬರ್ಚ್ ಇತ್ತು. ಸತ್ತು ಯಾವ ಕಾಲವಾಗಿತ್ತೋ, ಒಳಗೆಲ್ಲ ಟೊಳ್ಳು, ಮೈತುಂಬ ಮರಕುಟಿಗ ಕೊರೆದ ತೂತು. ಇರ್ಮಾ ಅದನ್ನು 'ಛತ್ರ' ಅನ್ನುತ್ತಿದ್ದಳು. ಬಾಡಿಗೆ ಇಲ್ಲ, ಹೆಸರು ಕೇಳುವವರಿಲ್ಲ, ಯಾರು ಬೇಕಾದರೂ ಬಂದು ಇಳಿದುಕೊಳ್ಳಬಹುದಂತೆ.

ನಾನು ಒಲೆಯನ್ನು ಮುಖ ಕಾಣುವ ಹಾಗೆ ಉಜ್ಜಿಡುವ ಹೆಂಗಸು. ಆ ಕಾಡಿಗೆ ಒಂದು ಸಲ ಹೋಗಿಬಂದರೆ ನನ್ನ ಕಾಲುಚೀಲ ಹರಿಯದೆ ಇರುತ್ತಿರಲಿಲ್ಲ. "ಅತ್ತಿಗೆ, ಇದೇನು ಕಾಡೋ ತಿಪ್ಪೆಯೋ?" ಎಂದು ಮುಖಕ್ಕೇ ಕೇಳಿದ್ದೆ. "ನಿನ್ನ ಕಾಲುಚೀಲ ಹೊಲಿದು ಕೊಡ್ತೀನಿ, ಬಿಚ್ಚೆ," ಅನ್ನುವಳು ಅಷ್ಟೆ. ನನ್ನ ಅಣ್ಣ ಲಿಯೋ ಬದುಕಿದ್ದಾಗಲೂ ಈ ವಿಷಯಕ್ಕೆ ಬಾಯಿ ಹಾಕುತ್ತಿರಲಿಲ್ಲ. ಕಾಡು ಅವಳಿಗೆ ತೌರಿನಿಂದ ಬಂದದ್ದು, ಅದರ ಗೊಡವೆ ನನಗೇಕೆ ಎಂದು ಪೈಪು ಹಚ್ಚಿಕೊಂಡು ಕೂತುಬಿಡುತ್ತಿದ್ದ.

ಬೇಲಿಯಾಚೆ ರೊಸೇರ್‌ನ ಕಾಡು. ಅದನ್ನು ನೋಡಬೇಕು ನೀವು. ಬರೀ ಮೇಪಲ್, ಸಾಲಾಗಿ, ಸಿಪಾಯಿಗಳ ಹಾಗೆ. ಪಟ್ಟಣದಿಂದ ಬಂದವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಜೂನ್‌ನಲ್ಲಿ ಕಂಬಳಿಹುಳ ಬಂದಾಗ ಆ ಸಿಪಾಯಿಗಳನ್ನು ತುದಿಯಿಂದ ಬುಡದವರೆಗೆ ಬೋಳಿಸಿಬಿಟ್ಟಿತು. ಬೇಸಿಗೆಯ ನಡುವೆ ಜನವರಿಯ ಕಾಡು ನೋಡಿದ ಹಾಗಿತ್ತು. ಮಾರನೇ ವರ್ಷವೂ ಅದೇ ಕತೆ. ಇರ್ಮಾಳ ಮರಗಳನ್ನೂ ಹುಳ ತಿಂದಿತು, ಆದರೆ ಅರ್ಧಕ್ಕೇ ಬಿಟ್ಟಿತು. ಅವಳ ಕಾಡಿನ ಹಕ್ಕಿಗಳಿಗೆಲ್ಲ ಆ ತಿಂಗಳು ಮದುವೆಯೂಟ. "ಗಾಳಿ ಆ ಕಡೆ ಬೀಸ್ಲಿಲ್ಲ, ಅದೃಷ್ಟ," ಎಂದ ರೊಸೇರ್. ಊರೆಲ್ಲ ಗಾಳಿಯನ್ನೇ ನಂಬಿತು, ನಾನೂ ನಂಬಿದೆ.

ಹೋದ ವರ್ಷ ಜನವರಿಯಲ್ಲಿ ಇರ್ಮಾ ಕೊಟ್ಟಿಗೆಯ ಮುಂದೆ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದಮೇಲೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಅಡುಗೆಮನೆಯಲ್ಲಿ ಒಲೆಯ ಪಕ್ಕ, ಗುಡ್ಡ ಕಾಣುವ ಕಿಟಕಿಯ ಕೆಳಗೆ ಅವಳ ಹಾಸಿಗೆ ಹಾಕಿಸಿ, ನನ್ನ ಮನೆಗೆ ಬೀಗ ಜಡಿದು ನಾನು ಅವಳನ್ನು ನೋಡಿಕೊಳ್ಳಲು ಬಂದೆ. ರೋಗಿಯಾಗಿ ಅವಳು ಮಹಾ ಕಿರಿಕಿರಿ. ಮಲಗಿದ್ದಲ್ಲೇ ಆಲೂಗಡ್ಡೆ ಸುಲಿಯುತ್ತಾ, ನಾನು ಸಾರಿಗೆ ಹಾಕಿದ ಉಪ್ಪನ್ನು ವಾಸನೆಯಲ್ಲೇ ಅಳೆಯುತ್ತಿದ್ದಳು.

ಫೆಬ್ರವರಿ ಮುಗಿಯುತ್ತಾ ಬಂತು. ರಾತ್ರಿ ಕೊರೆದು ಹಗಲು ಕರಗುವ ದಿನಗಳು ಶುರುವಾದರೆ ಮರಕ್ಕೆ ತೂತು ಕೊರೆದು ಬಕೆಟ್ ತಗಲಿಹಾಕಬೇಕು. ಮೇಪಲ್ ಮರದ ಸಿಹಿನೀರು ಇಳಿಯುವುದು ಆ ಕೆಲವೇ ವಾರ. ಅದನ್ನು ಕುದಿಸಿ ಪಾಕ ಇಳಿಸಿದರೆ ವರ್ಷದ ಅನ್ನ, ಇಲ್ಲವಾದರೆ ಇಲ್ಲ. ಈ ಸೊಂಟ ಇಟ್ಟುಕೊಂಡು ಇರ್ಮಾ ಏನು ಮಾಡಿಯಾಳು? ಆದರೆ ನಮ್ಮ ಕಡೆ ಅದಕ್ಕೂ ಒಂದು ದಾರಿಯಿದೆ. ಯಾರಾದರೂ ಹಾಸಿಗೆ ಹಿಡಿದರೆ ಊರವರು ಮುಯ್ಯಾಳು ಬಂದು ಆ ಮನೆಯ ಕೆಲಸ ಮುಗಿಸಿಕೊಡುತ್ತಾರೆ. ಬನ್ನಿ ಎಂದು ಕರೆಯಬೇಕಾಗಿಲ್ಲ. ದುಡ್ಡು ಕೊಡುವಂತಿಲ್ಲ, ಹೊಟ್ಟೆ ತುಂಬ ಊಟ ಹಾಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇಡ ಅನ್ನುವಂತಿಲ್ಲ.

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುತ್ತಿದ್ದೆ. ರೊಸೇರ್ ಟೋಪಿ ಕೈಯಲ್ಲಿ ಹಿಡಿದು ಅಡ್ಡ ಬಂದ. ಅವನು ದೊಡ್ಡ ಆಳು, ದೊಡ್ಡ ಗಂಟಲು. ಗುಟ್ಟು ಹೇಳಿದರೂ ಸ್ಮಶಾನದವರೆಗೆ ಕೇಳಿಸುತ್ತದೆ.

"ಸೊಲಾಂಜ್, ಶನಿವಾರ ನಾವೆಲ್ಲ ಬರ್ತಿದ್ದೀವಿ. ಇರ್ಮಕ್ಕಂಗೆ ಹೇಳ್ಬಿಡು, ಒಂದು ಬಕೆಟ್ಟೂ ಉಳಿಯಲ್ಲ, ಎಲ್ಲಾ ಮರಕ್ಕೂ ತಗಲಿಹಾಕಿ ಕೊಡ್ತೀವಿ."

"ದೇವರು ಒಳ್ಳೇದು ಮಾಡ್ಲಿ ಕಣಪ್ಪ."

"ಇನ್ನೊಂದಿದೆ ಕೇಳು." ಅವನ ಮುಖ ಹಬ್ಬದ ದೀಪವಾಗಿತ್ತು. "ಹೇಗೂ ಮರ ಕೊಯ್ಯೋ ಮಿಷನ್ ತರ್ತೀವಿ. ಆ ಕಾಡನ್ನ ಒಂದೇ ಸಲಕ್ಕೆ ಶುದ್ಧ ಮಾಡಿ ಕೊಟ್ಟುಬಿಡೋಣ ಅಂತ. ಬರ್ಚು, ಹೆಮ್ಲಾಕು, ಆ ಕೊಳೆತು ನಿಂತಿರೋ ದೆವ್ವಗಳು, ಎಲ್ಲಾ ಸಫಾಯಿ. ಪಾಪ, ಒಂಟಿ ಹೆಂಗಸು, ಎಷ್ಟೂಂತ ಮಾಡ್ತಾಳೆ? ನಮ್ಮ ಕಡೆಯಿಂದ ಒಂದು ಕಾಣಿಕೆ!"

ಸುತ್ತ ನಿಂತ ಗಂಡಸರೆಲ್ಲ ಹೌದು ಹೌದು ಎಂದರು. ನನಗೂ ಖುಷಿಯೇ ಆಯಿತು. ಇಷ್ಟು ಜನ ತಮ್ಮ ತಮ್ಮ ಕಾಡಿನ ಕೆಲಸ ಬಿಟ್ಟು ಬರುವುದೆಂದರೆ ಸಾಮಾನ್ಯವೇ? ಮನೆಗೆ ಬಂದವಳೇ ಶಾಲು ತೆಗೆಯುವ ಮೊದಲು ಸುದ್ದಿ ಹೇಳಿದೆ.

ಇರ್ಮಾಳ ಕೈಯಲ್ಲಿದ್ದ ಚಾಕು ನಿಂತಿತು.

"ಹೆಮ್ಲಾಕ್ ಕೂಡಾನಾ?"

"ಮೇಪಲ್ ಅಲ್ಲದ್ದೆಲ್ಲಾ ಅಂತೆ."

ಅವಳು ಕಿಟಕಿಯ ಕಡೆ ತಿರುಗಿದಳು. ಎಷ್ಟು ಹೊತ್ತಾದರೂ ಈ ಕಡೆ ತಿರುಗಲಿಲ್ಲ. ಹೋಗಿ ನೋಡಿದರೆ ಕಣ್ಣಿಂದ ನೀರು ಧಾರಾಕಾರ. ಲಿಯೋನನ್ನು ಮಣ್ಣು ಮಾಡಿದ ದಿನವೂ ಈ ಹೆಂಗಸು ನಮ್ಮೆದುರಿಗೆ ಅತ್ತವಳಲ್ಲ.

"ನಾನೀಗ್ಲೇ ಹೋಗಿ ಬೇಡ ಅಂತ ಹೇಳಿಬರ್ತೀನಿ," ಎಂದು ಶಾಲು ಎಳೆದುಕೊಂಡೆ.

"ಕೂತ್ಕೋ. ಬೇಡ ಅಂದ್ರೆ ಏನಾಗತ್ತೆ ಗೊತ್ತಾ? ರೊಸೇರ್ ಮುಖ ಇಷ್ಟು ಸಣ್ಣದಾಗತ್ತೆ. ಇರ್ಮಾಗೆ ನಮ್ಮ ಕೈ ಕೊಳಕಾಯ್ತಾ ಅಂತಾರೆ ಮಿಕ್ಕವರು. ನಾಳೆ ಇನ್ಯಾರೋ ಕಾಲು ಮುರ್ಕೊಂಡ್ರೆ, ಹೋಗೋದೋ ಬೇಡ್ವೋ ಅಂತ ಜನ ಯೋಚನೆ ಮಾಡೋ ಹಾಗಾಗತ್ತೆ. ಲಿಯೋ ತೀರಿಹೋದ ವರ್ಷ ನನಗೆ ಸೌದೆ ಒಡೆದುಹಾಕಿದ್ದು ಯಾರು? ಇದೇ ರೊಸೇರ್. ಮಳೇಲಿ ನೆನ್ಕೊಂಡು."

"ಹಾಗಾದ್ರೆ ಕಡೀಲಿ ಬಿಡು ಅತ್ತಿಗೆ. ಮರ ತಾನೆ, ಮತ್ತೆ ಬೆಳೆಯತ್ತೆ."

"ಹೂಂ, ಬೆಳೆಯತ್ತೆ. ನಿನ್ನ ಮೊಮ್ಮಗಳ ಮೊಮ್ಮಗಳು ನೋಡ್ತಾಳೆ."

ಅವಳು ಆಲೂಗಡ್ಡೆಯ ಬುಟ್ಟಿಯನ್ನು ದೂರ ತಳ್ಳಿದಳು. ಊಟವನ್ನೂ ಮಾಡಲಿಲ್ಲ. ಬೇಡ ಅಂದರೆ ಊರು ಹೋಗುತ್ತದೆ, ಹೂಂ ಅಂದರೆ ಕಾಡು ಹೋಗುತ್ತದೆ. ನನಗೆ ಸಿಟ್ಟು ಬಂದು ಬಾಣಲೆಗಳನ್ನೆಲ್ಲ ಮತ್ತೊಮ್ಮೆ ಉಜ್ಜಿದೆ. ಸಿಟ್ಟು ಯಾರ ಮೇಲೆ ಅಂತ ಕೇಳಿದರೆ ಹೇಳಲು ನನಗೆ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವಳ ಮುಖದಲ್ಲಿ ಕಳೆ ಬಂದಿತ್ತು.

"ಸೊಲಾಂಜ್, ಮುಯ್ಯಾಳು ಬಂದಾಗ ಮೊದಲ ತೂತು ಕೊರೆಯೋದು ಯಾರು?"

"ಇದೇನು ಕೇಳ್ತೀಯಾ? ಮನೆ ಯಜಮಾನರು. ಆಮೇಲೆ ತಾನೆ ಮಿಕ್ಕವರು ಕೈ ಹಚ್ಚೋದು."

"ಯಾವ ಮರಕ್ಕೆ ಅಂತ ಹೇಳೋದು?"

"ಅದೂ ಯಜಮಾನರೇ."

"ಸರಿ ಹಾಗಾದ್ರೆ. ಲಿಯೋ ಕೂರ್ತಿದ್ದ ಕುರ್ಚಿ ಕಾಲು ಗಟ್ಟಿ ಇದೆಯಾ ನೋಡು."

ಅರ್ಥವಾಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾನು ಕೂಗಾಡಿದ್ದು ಕೂಗಾಡಿದ್ದೇ. ಡಾಕ್ಟರು ಅಲ್ಲಾಡಬೇಡಿ ಅಂದಿದ್ದಾರೆ, ನಿನಗೆ ಬುದ್ಧಿ ನೆಟ್ಟಗಿದೆಯಾ, ಗುಡ್ಡದ ಮೇಲೆ ಹೆಣವಾದರೆ ಇಳಿಸುವವರು ಯಾರು ಎಂದೆಲ್ಲ ಅಂದೆ. "ಇಳಿಸೋದು ಸುಲಭ, ಜಾರತ್ತೆ," ಎಂದಳು. ಆ ಹೆಂಗಸಿನ ಹತ್ತಿರ ಜಗಳ ಆಡಿ ಗೆದ್ದವರು ಯಾರೂ ಇಲ್ಲ.

ಶನಿವಾರಕ್ಕೆ ನಾನು ಬಟಾಣಿ ಸಾರು, ಹಂದಿತೊಡೆ, ದೊಡ್ಡ ಮಡಕೆ ತುಂಬ ಬೀನ್ಸ್ ಮಾಡಿಟ್ಟೆ. ಬೆಳಕು ಹರಿಯುವಾಗ ಇರ್ಮಾಳಿಗೆ ಲಿಯೋನ ಕೋಟು ತೊಡಿಸುತ್ತಿದ್ದೆ. ಆಗ ಗುಡ್ಡದ ಕಡೆಯಿಂದ ಮಿಷನ್ನಿನ ಗರ್ರ್ ಎನ್ನುವ ಸದ್ದು ಕೇಳಿಸಿತು. ಇನ್ನೂ ಯಾರೂ ಬಂದಿರಲಿಲ್ಲ. ಅವಳು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಳು.

"ಕಾಡಿನ ಬಾಯಿ ಹತ್ರ," ಎಂದಳು. "ಛತ್ರ."

ರೊಸೇರ್ ತನ್ನ ಹೆಣ್ಣುಕುದುರೆಗೆ ಜಾರುಬಂಡಿ ಕಟ್ಟಿಕೊಂಡು ಬಂದ. ಮೊದಲ ತೂತಿಗೆ ತಾನೇ ಬರುತ್ತೇನೆಂದು ಇರ್ಮಾ ಹಟ ಹಿಡಿದಾಗ ಅವನೂ ಒಪ್ಪಲೇಬೇಕಾಯಿತು. ಪದ್ಧತಿ ಅಂದಮೇಲೆ ಪದ್ಧತಿ. ಕುರ್ಚಿಯನ್ನು ಜಾರುಬಂಡಿಗೆ ಹಗ್ಗದಲ್ಲಿ ಬಿಗಿದು, ಅವಳನ್ನು ಕುರ್ಚಿಗೆ ಬಿಗಿದು, ಕಂಬಳಿ ಹೊದಿಸಿ ಹೊರಟೆವು. ಮಹಾರಾಣಿಯ ಸವಾರಿ ಎಂದು ಹಿಂದೆ ಬರುತ್ತಿದ್ದವರು ನಕ್ಕರು. ಇರ್ಮಾ ನಗಲಿಲ್ಲ, ಹಾದಿ ನೋಡುತ್ತಾ ಕೂತಿದ್ದಳು.

ಛತ್ರ ಹಿಮದ ಮೇಲೆ ಉದ್ದಕ್ಕೆ ಬಿದ್ದಿತ್ತು.

ಅದರ ಪಕ್ಕ ರೊಸೇರ್‌ನ ಅಳಿಯ ಯಾನಿಕ್ ನಿಂತಿದ್ದ. ಎರಡು ಮಕ್ಕಳ ತಂದೆ, ಒಳ್ಳೆಯವನು, ಮಾವನಿಗಿಂತ ಹೆಚ್ಚು ಕೆಲಸ ಮಾಡಿ ತೋರಿಸಬೇಕೆಂಬ ಚಪಲದವನು. ಕೈಯಲ್ಲಿ ಕ್ರಿಸ್ಮಸ್‌ಗೆ ಕೊಂಡ ಹೊಸ ಮಿಷನ್. ಆದರೆ ಮುಖದಲ್ಲಿ ರಕ್ತವೇ ಇರಲಿಲ್ಲ. ಮರ ಬಿದ್ದ ಹೊಡೆತಕ್ಕೆ ಟೊಳ್ಳು ಸೀಳಿ ಬಾಯಿ ಬಿಟ್ಟಿತ್ತು. ಅದರೊಳಗಿಂದ ಹಾರುವ ಅಳಿಲುಗಳು ಒಂದರ ಹಿಂದೆ ಒಂದು ಹೊರಬೀಳುತ್ತಿದ್ದವು. ಚಳಿಗೆ ಒಂದರ ಮೈಗೆ ಒಂದು ಅಂಟಿಕೊಂಡು ಮಲಗಿದ್ದ ಇಡೀ ಸಂಸಾರ. ಹಗಲನ್ನೇ ಕಾಣದ ಆ ದೊಡ್ಡ ದೊಡ್ಡ ಕಪ್ಪು ಕಣ್ಣುಗಳು ಬೆಳಕಿಗೆ ತತ್ತರಿಸಿ, ಎತ್ತ ಹೋಗುವುದೆಂದು ತಿಳಿಯದೆ ಹಿಮದಲ್ಲಿ ಈಜಾಡುತ್ತಿದ್ದವು. ಕೆಲವು ಹತ್ತಿರದ ಮರ ಹತ್ತಿದವು. ಒಂದು ಮಾತ್ರ ಅಲ್ಲೇ ಬಿದ್ದಿತ್ತು.

"ದೊಡ್ಡಮ್ಮಾ," ಯಾನಿಕ್ ಮಿಷನ್ ಕೆಳಗಿಟ್ಟ, "ನಿಮಗೆ ಆಶ್ಚರ್ಯ ಆಗ್ಲಿ ಅಂತ ಎಲ್ಲರಿಗಿಂತ ಮುಂಚೆ ಬಂದೆ. ಬರೀ ಒಣಮರ ಅಂದ್ಕೊಂಡೆ."

ನನ್ನ ನಾಲಿಗೆ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಇರ್ಮಾ ಕಂಬಳಿಯ ಕೆಳಗಿನಿಂದ ನನ್ನ ತೋಳನ್ನು ಚಿವುಟಿದಳು. ಆ ಚಿವುಟಿನ ಗುರುತು ವಾರವಿಡೀ ಇತ್ತು.

"ಒಣಮರ ಕಡಿಯೋವಾಗ ತಲೆ ಮೇಲೆ ಕೊಂಬೆ ಬೀಳತ್ತೆ ಕಣೋ. ನಿನಗೇನೂ ಏಟಾಗ್ಲಿಲ್ಲ ತಾನೆ?" ಎಂದಳು.

"ಇಲ್ಲ."

"ಇಷ್ಟು ಚಳೀಲಿ ನನಗೋಸ್ಕರ ಎದ್ದು ಬಂದ್ಯಲ್ಲ, ದೊಡ್ಡ ಮನಸ್ಸು. ಆ ಪಾಪದ್ದನ್ನ ಇಲ್ಲಿ ಕೊಡು. ಮರ ಅಲ್ಲೇ ಬಿದ್ದಿರ್ಲಿ, ಎತ್ತಬೇಡಿ."

ಯಾನಿಕ್ ತನ್ನ ಉಣ್ಣೆ ಟೋಪಿ ತೆಗೆದು ಅದರಲ್ಲಿ ಅಳಿಲನ್ನಿಟ್ಟು ಅವಳ ಮಡಿಲಿಗೆ ಕೊಟ್ಟ. ಅವಳು ಅದನ್ನು ಕಂಬಳಿಯೊಳಗೆ ಸೇರಿಸಿಕೊಂಡು ಮೇಲೆ ಕೈ ಇಟ್ಟಳು. ಎದೆ ಒಡೆದುಕೊಂಡು ಕೂತವಳು, ಒಡೆದವನಿಗೆ ಏಟಾಯಿತೇ ಎಂದು ಕೇಳುತ್ತಾಳೆ. ಅಷ್ಟು ವರ್ಷ ಅವಳನ್ನು ಬೈದುಕೊಂಡೇ ಬಂದಿದ್ದ ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

"ಮೊದಲ ತೂತು ಎಲ್ಲಿ, ಅಕ್ಕಾ?" ರೊಸೇರ್ ಕೇಳಿದ. ಅವನ ಗಂಟಲೂ ತಗ್ಗಿತ್ತು.

"ಬಡಗಣ ಇಳಿಜಾರು. ಹೆಮ್ಲಾಕ್ ಅಂಚಲ್ಲಿ ದೊಡ್ಡ ಮೇಪಲ್ ಇದೆಯಲ್ಲ, ಅದು."

"ಅಯ್ಯೋ, ಆ ಕತ್ತಲೆ ಗುಂಡಿಗಾ? ನೀರೇ ಇಳಿಯಲ್ಲ ಅಲ್ಲಿ."

"ಇಳಿಯತ್ತೆ. ನಡಿ."

ದಾರಿಯುದ್ದಕ್ಕೂ ಕುದುರೆ ಹೊಟ್ಟೆಯವರೆಗೆ ಹಿಮದಲ್ಲಿ ಹೂತು ಏದುಸಿರು ಬಿಡುತ್ತಿತ್ತು. ಗಂಡಸರು ಹಿಮದಲ್ಲಿ ಕಾಲು ಹೂಳದಿರಲೆಂದು ಅಗಲ ಪಾದುಕೆ ಕಟ್ಟಿಕೊಂಡಿದ್ದರೂ ಮುಗ್ಗರಿಸುತ್ತಿದ್ದರು. ಯಾನಿಕ್ ಬರಿತಲೆಯಲ್ಲಿ, ಕಿವಿ ಕೆಂಪಗೆ ಮಾಡಿಕೊಂಡು, ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ಹೆಮ್ಲಾಕ್ ಹತ್ತಿರ ಬಂದಂತೆ ಹಿಮ ಕಡಿಮೆಯಾಯಿತು. ಆ ಮರಗಳು ಬಿದ್ದ ಹಿಮವನ್ನೆಲ್ಲ ಮೇಲೇ, ತಮ್ಮ ಕೊಂಬೆಗಳ ಮೇಲೇ ಹಿಡಿದುಕೊಂಡಿದ್ದವು. ಕೆಳಗೆ ಮೊಣಕಾಲಿಗೂ ಇಲ್ಲ, ಗಾಳಿಯೂ ಇಲ್ಲ. ಹೊರಗಿನಿಂದ ಮನೆಯೊಳಗೆ ಬಂದ ಹಾಗಾಯಿತು.

ಇರ್ಮಾ ಕುರ್ಚಿಯಲ್ಲೇ ಮುಂದೆ ಬಾಗಿ, ಅಂಗೈಯಿಂದ ಮೇಪಲ್‌ನ ತೊಗಟೆಯನ್ನು ಸವರಿದಳು. ಹೋದ ವರ್ಷದ ತೂತು ಮಾಯ್ದು ಗಂಟಾಗಿದ್ದ ಜಾಗ ಸಿಕ್ಕಿತು. ಅದರಿಂದ ಒಂದು ಗೇಣು ಆಚೆ ಸರಿದು ಕೈಬೈರಿಗೆ ಇಟ್ಟು ತಿರುಗಿಸಿದಳು. ಒಂದೊಂದು ಸುತ್ತಿಗೂ ನೋವಿಗೆ ಮುಖ ಕಿವಿಚಿಕೊಳ್ಳುತ್ತಿದ್ದಳು. ನಾನು ಭುಜ ಹಿಡಿದುಕೊಂಡೆ. ಬಿಳಿ ಹೊಟ್ಟು ಉದುರಿತು, ಕೊಳವೆ ಬಡಿದಳು, ಸ್ವಲ್ಪ ಹೊತ್ತಿಗೆ ಅದರ ತುದಿಯಲ್ಲಿ ಒಂದು ಹನಿ ಕೂತಿತು. ಮೊದಲ ಹನಿ ಅವಳು ನೆಕ್ಕಿದಳು. ಎರಡನೆಯದು, ಪದ್ಧತಿಯಂತೆ, ಮುಯ್ಯಾಳುಗಳನ್ನು ಕರೆತಂದವನದು.

ರೊಸೇರ್ ಹನಿಗೆ ಬೆರಳೊಡ್ಡಲು ಬಗ್ಗಿದ, ಬಗ್ಗಿದವನು ಹಾಗೇ ನಿಂತ.

ಮರಗಳ ನೆರಳಿನಲ್ಲಿ ಜಿಂಕೆಗಳು ಎದ್ದು ನಿಂತಿದ್ದವು. ಒಂದೆರಡಲ್ಲ, ಹಿಂಡು. ನೆಲದ ತುಂಬ ಅವು ಮಲಗಿ ಕರಗಿಸಿದ ಗುಳಿಗಳು, ತುಳಿದು ತುಳಿದು ಗಟ್ಟಿಯಾದ ಕಾಲುಹಾದಿಗಳು. ಪಕ್ಕೆಲುಬು ಎಣಿಸುವಷ್ಟು ಬಡವಾಗಿದ್ದವು. ನಮ್ಮನ್ನು ನೋಡಿದವು, ಓಡಲಿಲ್ಲ. ಓಡಿ ಹೋಗಬೇಕಾದರೂ ಎಲ್ಲಿಗೆ? ಹೆಮ್ಲಾಕ್ ಬಿಟ್ಟು ಹೊರಗೆ ಕಾಲಿಟ್ಟರೆ ಎದೆಯವರೆಗೆ ಹಿಮ. ನಮ್ಮ ಗಂಡಸರೆಲ್ಲ ಬೇಟೆಯವರು, ಜಿಂಕೆ ಕಂಡರೆ ಕೈ ತುರಿಸುವವರು. ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ.

"ರೊಸೇರ್, ನವೆಂಬರ್‌ನಲ್ಲಿ ಒಂದು ಗಂಡು ಹೊಡೆದೆಯಲ್ಲ, ಅದೇನು ಭಾರೀ ಕೊಂಬಂತೆ?" ಇರ್ಮಾ ಕೇಳಿದಳು.

"ಹೂಂ ಮತ್ತೆ. ಕೊಟ್ಟಿಗೆ ಬಾಗಿಲ ಮೇಲೆ ಹಾಕಿದ್ದೀನಿ, ಬಂದವರೆಲ್ಲ ನೋಡ್ತಾರೆ."

"ಎಲ್ಲಿ ಸಿಕ್ತು?"

"ಇಲ್ಲೇ, ನಿಮ್ಮ ಗುಡ್ಡದ ಬುಡದಲ್ಲಿ. ಪ್ರತೀ ವರ್ಷ ಅಲ್ಲೇ ತಾನೆ ನಾನು ಕೂರೋದು."

"ಅದರ ಹಿಂದಿನ ಚಳಿಗಾಲ ಅದು ಎಲ್ಲಿ ಕಳೀತೋ ಏನೋ," ಎಂದಳು, ಅಷ್ಟೆ.

ಯಾರೋ ಹಿಂದಿನಿಂದ ಕಿಸಕ್ಕೆಂದರು. ರೊಸೇರ್‌ನ ಕತ್ತು ಕೆಂಪಾಯಿತು. ಅವನಿಗೆ ಅರ್ಥವಾಗಿತ್ತು, ಆದರೆ ಅಷ್ಟು ಜನರೆದುರು ಮಿಷನ್ ಹೊತ್ತು ಬಂದ ಗಂಡಸು ಹಾಗೇ ಹಿಂದಕ್ಕೆ ಹೋಗುವುದು ಹೇಗೆ? ಅವನು ಹಟಕ್ಕೆ ಹತ್ತಿರದ ಹೆಮ್ಲಾಕ್ ಬುಡಕ್ಕೆ ಹೋಗಿ ಕಾಲೂರಿ ನಿಂತ. ಮಿಷನ್ನಿನ ಹಗ್ಗಕ್ಕೆ ಕೈ ಹಾಕಿದ.

ಆಗ ಇರ್ಮಾಳ ಮಡಿಲಲ್ಲಿ ಕಂಬಳಿ ಅಲುಗಾಡಿತು. ಬಿಸಿಗೆ ಚೇತರಿಸಿಕೊಂಡ ಅಳಿಲು ಟೋಪಿಯಿಂದ ಹೊರಗೆ ನೆಗೆದು, ಹಿಮದ ಮೇಲೆ ಗೆರೆ ಎಳೆದ ಹಾಗೆ ಓಡಿ, ಎದುರಿಗೆ ಎತ್ತರಕ್ಕೆ ಕಂಡದ್ದನ್ನು ಹತ್ತಿಬಿಟ್ಟಿತು. ಎತ್ತರಕ್ಕಿದ್ದದ್ದು ರೊಸೇರ್. ಬೂಟು, ಮಂಡಿ, ಬೆಲ್ಟು, ಗಡ್ಡ ದಾಟಿ ಟೋಪಿಯ ಮೇಲೆ ಕೂತು ಸುತ್ತ ನೋಡಿತು. ಆನೆಯಂಥ ಆಳು ಕಣ್ಣುಗುಡ್ಡೆ ಮಾತ್ರ ಮೇಲಕ್ಕೆ ಮಾಡಿ ಕಲ್ಲಾಗಿ ನಿಂತಿದ್ದ.

"ಮಾವಾ, ಅಲ್ಲಾಡಬೇಡಿ!" ಯಾನಿಕ್ ಕೂಗಿದ. "ದಯವಿಟ್ಟು ಅಲ್ಲಾಡಬೇಡಿ!"

ರೊಸೇರ್ ಅಲ್ಲಾಡಲಿಲ್ಲ. ಅಳಿಲು ಅವನ ಟೋಪಿಯಿಂದ ಹೆಮ್ಲಾಕ್‌ನ ಕಾಂಡಕ್ಕೆ ಹಾರಿ, ಸರಸರ ಹತ್ತಿ, ಹಸಿರಿನಲ್ಲಿ ಮರೆಯಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇರ್ಮಾಳೂ ನಕ್ಕಳು, ಅಯ್ಯೋ ನನ್ನ ಸೊಂಟ ಎಂದು ಅಳುತ್ತಾ ನಕ್ಕಳು. ಕೊನೆಗೆ ರೊಸೇರ್ ಕೂಡ ಹಲ್ಲು ಬಿಟ್ಟು ಮಿಷನ್ ಕೆಳಗಿಟ್ಟ.

ಮತ್ತೊಬ್ಬರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಗೆದ್ದಾಗಿತ್ತಲ್ಲ. ಆದರೆ ಸೋತವನನ್ನು ಬರಿಗೈಲಿ ಕಳಿಸುವವಳಲ್ಲ ನನ್ನ ಅತ್ತಿಗೆ.

"ಹೆಮ್ಲಾಕ್ ಯಾರು ಬೇಕಾದ್ರೂ ಉರುಳಿಸ್ತಾರೆ ಬಿಡಪ್ಪ," ಎಂದಳು. "ನನಗೊಂದು ಕಷ್ಟದ ಕೆಲಸ ಇದೆ. ಕೈ ಪಳಗಿದವರೇ ಬೇಕು. ಅಲ್ಲಿ ನೋಡು, ಆ ಬರ್ಚ್ ಸುತ್ತ ಮೇಪಲ್‌ಗಳು ಹೇಗೆ ಒತ್ಕೊಂಡು ನಿಂತಿವೆ. ಅದರಲ್ಲಿ ಸೊರಗಿದ್ದನ್ನ ತೆಗೆಯಬೇಕು. ಪಕ್ಕದ್ದಕ್ಕೆ ಒಂದು ಗೀರೂ ಬೀಳಬಾರದು."

"ಮೇಪಲ್ ಕಡಿಯೋದಾ?" ರೊಸೇರ್ ಶಿಲುಬೆ ಗುರುತು ಹಾಕಿಕೊಳ್ಳುವುದೊಂದು ಬಾಕಿ. "ಬರ್ಚ್ ಉಳಿಸೋಕೆ ಮೇಪಲ್ ಕಡಿಯೋದಾ? ಅಕ್ಕಾ, ಬಿದ್ದಾಗ ತಲೆಗೂ ಪೆಟ್ಟಾಯ್ತಾ?"

"ನಿನ್ನ ಹೆಂಡತಿ ಕ್ಯಾರೆಟ್ ಪಾತೀಲಿ ಎಲ್ಲಾ ಸಸೀನೂ ಹಾಗೇ ಬಿಡ್ತಾಳಾ?"

"ಇಲ್ಲ. ಕಿತ್ತು ತೆಳು ಮಾಡ್ತಾಳೆ."

"ಯಾಕೆ?"

ಅವನು ತಲೆಯೆತ್ತಿ ನೋಡಿದ. ಮೇಲೆ ಆ ಮೇಪಲ್‌ಗಳ ತಲೆಗಳು ಒಂದರೊಳಗೊಂದು ತುರುಕಿಕೊಂಡು, ಬಿಸಿಲಿಗೆ ಕಿತ್ತಾಡುತ್ತಿದ್ದವು, ಯಾವುದಕ್ಕೂ ಸರಿಯಾದ ಕೊಂಬೆಯೇ ಇಲ್ಲ. ಅವನು ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಒಂದು ಮರಕ್ಕೆ ಕೈ ತಟ್ಟಿ ಇರ್ಮಾಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ಎಂಥ ಕೆಲಸಗಾರ ಅವನು! ಅಷ್ಟು ಇಕ್ಕಟ್ಟಿನಲ್ಲಿ ಮರವನ್ನು ಸೂಜಿಗೆ ದಾರ ಪೋಣಿಸಿದ ಹಾಗೆ ಎರಡು ಮರಗಳ ನಡುವೆ ಮಲಗಿಸಿದ. ಒಂದಾದಮೇಲೊಂದು ಮಲಗಿಸುತ್ತಾ ಹೋದ. ಮಿಕ್ಕವರು ಬಕೆಟ್ ತಗಲಿಹಾಕಲು ಚದುರಿದರು. ಕಡಿದ ಮರದ ತಲೆಗಳನ್ನು ಎಳೆದು ರಾಶಿ ಹಾಕಲು ಯಾನಿಕ್ ಹೋದರೆ ಇರ್ಮಾ ತಡೆದಳು.

"ಬಿದ್ದಲ್ಲೇ ಇರ್ಲಿ ಬಿಡೋ. ಅದರ ಚಿಗುರುಮೊಗ್ಗು ತಿನ್ನೋಕೆ ಇವತ್ತೇ ಬರ್ತವೆ ಜಿಂಕೆ. ನಿಮಗೊಬ್ಬರಿಗೇ ಊಟ ಹಾಕಿದ್ರೆ ಆಗತ್ತಾ?"

ಊಟಕ್ಕೆ ಕೂತಾಗ ರೊಸೇರ್‌ನ ಗಂಟಲು ಮತ್ತೆ ಎಂದಿನ ಹಾಗಾಗಿತ್ತು. ಹಂದಿತೊಡೆಯ ಮೇಲೆ ಪಾಕ ಸುರಿದುಕೊಳ್ಳುತ್ತಾ ಊರವರಿಗೆಲ್ಲ ಬೋಧನೆ ಶುರುಮಾಡಿದ. "ನೋಡಿ, ಮೇಪಲ್ ಕೂಡ ಕ್ಯಾರೆಟ್ ಇದ್ದ ಹಾಗೆ. ತೆಳು ಮಾಡ್ಬೇಕು. ನಿಮಗೆ ಯಾರಿಗೂ ಇದು ಹೊಳೆಯಲ್ಲ." ನಾನು ಸೌಟು ಹಿಡಿದುಕೊಂಡು ಅವನ ತಲೆಯನ್ನೇ ನೋಡುತ್ತಿದ್ದೆ. ಇರ್ಮಾ ಹಾಸಿಗೆಯಿಂದ, "ಹೌದಾ ರೊಸೇರ್? ನೀನು ಹೇಳಿದ್ದು ಒಳ್ಳೇದಾಯ್ತು," ಎಂದಳು. ಅವಳ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಕಾಡು ಉಳಿದಿತ್ತು, ಊರೂ ಉಳಿದಿತ್ತು. ಮಾತಿನ ಹೆಗ್ಗಳಿಕೆ ಯಾರ ಪಾಲಾದರೆ ಅವಳಿಗೇನು?

ಆ ವರ್ಷ ಮರದ ನೀರು ಚೆನ್ನಾಗಿ ಇಳಿಯಿತು. ಮೇ ತಿಂಗಳಲ್ಲಿ ಇರ್ಮಾ ಊರುಗೋಲು ಹಿಡಿದು ಕಾಡಿನ ಬಾಯಿಯವರೆಗೆ ನಡೆದಳು, ನಾನು ಜೊತೆಗಿದ್ದೆ. ದಕ್ಷಿಣದಿಂದ ವಾಪಸಾದ ಹಕ್ಕಿಗಳು ಕೂಗಿ ಕೂಗಿ ಕಿವಿ ಹಾರಿಸುತ್ತಿದ್ದವು. ಬಿದ್ದಿದ್ದ ಛತ್ರದ ಒಂದು ತುಂಡನ್ನು ಯಾರೋ ಕೊಯ್ದು, ಟೊಳ್ಳಿಗೆ ಮೇಲೂ ಕೆಳಗೂ ಹಲಗೆ ಬಡಿದು, ಒಂದು ಬರ್ಚ್ ಮರಕ್ಕೆ ಎತ್ತರದಲ್ಲಿ ತಂತಿ ಸುತ್ತಿ ಕಟ್ಟಿದ್ದರು. ಮಳೆಗೆ ನೆನೆಯದ ಹಾಗೆ ಮೇಲೆ ತಗಡಿನ ಮಾಡು ಬೇರೆ. ಯಾರು ಕಟ್ಟಿದ್ದೆಂದು ನಾವು ಕೇಳಲಿಲ್ಲ. ಯಾನಿಕ್ ಹೇಳಲೂ ಇಲ್ಲ.

ನಾನು ಹೇಳಬೇಕೆಂದಿರುವುದು ಈ ಅಕ್ಟೋಬರಿನ ವಿಷಯ. ಹತ್ತಿರದ ದಾರಿಯೆಂದು ರೊಸೇರ್‌ನ ಕಾಡಿನೊಳಗಿಂದ ಬರುತ್ತಿದ್ದೆ. ಕಾಲಿಗೆ ಏನೋ ತಡೆದು ಕಾಲುಚೀಲ ಹರಿಯಿತು. ಬಗ್ಗಿ ನೋಡಿದರೆ ಕೊಂಬೆ! ರೊಸೇರ್‌ನ ಕಾಡಿನಲ್ಲಿ ಕೊಂಬೆ! ಒಂದಲ್ಲ, ಕಡಿದ ಮೇಪಲ್‌ಗಳ ತಲೆಗಳು ಬಿದ್ದಲ್ಲೇ ಬಿದ್ದಿದ್ದವು. ಸತ್ತ ಮರವೊಂದು ತೂತು ತೂತಾಗಿ ನಿಂತಿತ್ತು. ಅದಕ್ಕಿಂತ ಆಚೆ, ಜಿಂಕೆ ಬಾಯಿ ಹಾಕದ ಹಾಗೆ ಕೋಳಿಗೂಡಿನ ತಂತಿಬಲೆ ಸುತ್ತಿದ ಏನೋ ಒಂದು ಸಸಿ. ಹತ್ತಿರ ಹೋಗಿ ನೋಡಿದೆ. ಹೆಮ್ಲಾಕ್. ನನ್ನ ಮಂಡಿಯೆತ್ತರ ಕೂಡ ಇರಲಿಲ್ಲ.

"ಏನು ನೋಡ್ತಿದ್ದೀಯಾ?" ಹಿಂದಿನಿಂದ ರೊಸೇರ್‌ನ ಗಂಟಲು. ಕೈಯಲ್ಲಿ ನೀರಿನ ಬಕೆಟ್ ಇತ್ತು. ನನ್ನನ್ನು ಕಂಡವನೇ ಅದನ್ನು ಬೆನ್ನ ಹಿಂದೆ ಸರಿಸಿದ.

"ಇದೇನು ರೊಸೇರ್, ಕಾಡು ಹೀಗೆ ಕಸ ಆಗಿದೆ?"

"ಪುರುಸೊತ್ತಾಗ್ಲಿಲ್ಲ. ಬೆನ್ನು ನೋವು ಬೇರೆ."

"ಅಯ್ಯೋ, ಬೆನ್ನು ನೋವಾ?" ಎಂದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಮೊದಲೇ ಹೇಳಬಾರದಾ ಮಾರಾಯ? ಶನಿವಾರ ಊರವರನ್ನೆಲ್ಲ ಕರ್ಕೊಂಡು ಮುಯ್ಯಾಳು ಬರ್ತೀವಿ. ಈ ಕೊಂಬೆ, ಆ ದೆವ್ವ, ಈ ಸಸಿ, ಎಲ್ಲಾ ಸಫಾಯಿ. ನಮ್ಮ ಕಡೆಯಿಂದ ಒಂದು ಕಾಣಿಕೆ!"

ರೊಸೇರ್ ಬಾಯಿ ತೆರೆದ. ಬೇಡ ಅನ್ನಬೇಕು, ಅನ್ನುವಂತಿಲ್ಲ. ಬಾಯಿ ಮುಚ್ಚಿದ, ಮತ್ತೆ ತೆರೆದ. ಬಕೆಟ್ಟಿನ ನೀರು ಅವನ ಬೂಟಿನ ಮೇಲೆ ಚೆಲ್ಲುತ್ತಿತ್ತು, ಗಮನವೇ ಇಲ್ಲ. ಅಷ್ಟು ದೊಡ್ಡ ಮನುಷ್ಯ ಆ ಪುಟ್ಟ ಸಸಿಗೆ ಅಡ್ಡ ನಿಂತು ನನ್ನನ್ನು ಬೇಡುವ ಹಾಗೆ ನೋಡಿದ. ಹೋದ ವರ್ಷ ಕಿಟಕಿಯ ಕಡೆ ತಿರುಗಿ ಅತ್ತವಳ ಮುಖ ನನಗೆ ಅಲ್ಲಿ ಕಂಡಿತು. ನನ್ನ ನಗು ಅಲ್ಲೇ ನಿಂತುಹೋಯಿತು.

"ತಮಾಷೆಗೆ ಅಂದೆ ಕಣೋ," ಎಂದೆ. "ನೀರು ಹಾಕು, ಚೆಲ್ತಾ ಇದೆ."

ಮನೆಗೆ ಬಂದು ಇರ್ಮಾಳಿಗೆ ಎಲ್ಲ ಹೇಳಿದೆ. ಅವಳು ನನ್ನ ಹರಿದ ಕಾಲುಚೀಲ ಬಿಚ್ಚಿಸಿಕೊಂಡು, ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು.

"ಪಾಪ, ಹಾಗೆ ಹೆದರಿಸಬಾರದಿತ್ತು ಅವನನ್ನ," ಎಂದಳು ಕೊನೆಗೆ. "ಊರವರ ಬಾಯಿ ನಂಬೋ ಹಾಗಿಲ್ಲ, ನಾಳೆ ನಿಜವಾಗ್ಲೂ ಯಾರಾದ್ರೂ ಹೊರಟ್ರೆ? ಮೊದಲ ತೂತು ತೋರ್ಸೋಕೆ ಅವನೂ ಆ ಬೆನ್ನು ನೋವಲ್ಲೇ ಕಾಡಿಗೆ ಹೋಗಬೇಕಾಗತ್ತೆ. ಸೊಲಾಂಜ್, ಲಿಯೋ ಕುರ್ಚೀನ ಅವನ ಮನೆಗೆ ಕಳಿಸ್ಬಿಡು."